ಕೊಕ್ಕರೆ ಆರಿಸಿದ ತಂಡ

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂದು ಕೊಕ್ಕರೆಗೆ ಬಾಲ್ಯದಲ್ಲಿ ಅಜ್ಜಿ ಹೇಳಿಕೊಟ್ಟಿದ್ದಳು. ಕೆರೆಯ ಮರಿಗಳಿಗೆ ಕಾಲ್ಚೆಂಡು ಕಲಿಸುವ ಗುರುವಾದ ಮೇಲೂ ಅವಳಿಗೆ ಆ ಮಾತೇ ಅಳತೆಗೋಲು. ಆಚೆ ಕೆರೆಗೆ ಆಡಲು ಹೊರಟ ತಂಡಕ್ಕೆ ಈ ಸಲವೂ ಅವಳ ಮಗನೇ ನಾಯಕ. ಕಪ್ಪೆಮರಿ ಈ ಸಲವೂ ದಡದಲ್ಲೇ.

ಕಪ್ಪೆಮರಿ, ಮರ್ಯಾದೆಗೋ ಭಯಕ್ಕೋ, ಒಂದು ನೆಗೆತದಷ್ಟು ದೂರ ನಿಂತು ಕೈಮುಗಿಯಿತು. “ಗುರುಗಳೇ, ನನ್ನನ್ನೇಕೆ ಬಿಟ್ಟಿರಿ?”

“ಪರೀಕ್ಷಿಸಿದಾಗ ನಿನಗೆ ಕಾಲೇ ಇರಲಿಲ್ಲವಲ್ಲ, ಮರಿ.”

“ಆಗ ನಾನು ಗೊದಮೊಟ್ಟೆ. ಈಗ ನಾಲ್ಕು ಕಾಲಿವೆ. ಆಮೇಲೆ ತಾವು ನನ್ನತ್ತ ನೋಡಲೇ ಇಲ್ಲ.”

“ಮೊಳಕೆಯಲ್ಲಿ ಕಾಣದ್ದು ಬೆಳೆದ ಮೇಲೆ ಕಂಡೀತೇ?”

“ಹಾಗಾದರೆ ತಮ್ಮ ಮಗ ಮೊಟ್ಟೆಯಲ್ಲಿದ್ದಾಗ, ನೋಡಿದವರು ಅವನನ್ನು ಚೆಂಡು ಒದೆಯುವವನೆಂದುಕೊಂಡರೋ, ಚೆಂಡೆಂದೇ ತಿಳಿದರೋ?”

ಮರಿಗಳೆಲ್ಲ ಕಿಸಕ್ಕೆಂದವು. ಒಂಟಿಕಾಲಲ್ಲಿ ನಿಂತಿದ್ದ ಮಗನೂ ನಕ್ಕು ಆಯತಪ್ಪಿದ. ಕೊಕ್ಕರೆ ಅಜ್ಜಿಯ ಗಾದೆಯನ್ನು ತನ್ನ ಮೊಟ್ಟೆಗೇ ಹಚ್ಚಿ ನೋಡಿದಳು. ಆ ಮೊಟ್ಟೆಗೆ ಅವಳು ಕಾವು ಕೊಟ್ಟಿದ್ದಳೇ ಹೊರತು ಪರೀಕ್ಷೆ ಮಾಡಿರಲಿಲ್ಲ.

ಅವಳು ಕತ್ತೆತ್ತಿ ಎಲ್ಲರಿಗೂ ಕೇಳುವಂತೆ ಹೇಳಿದಳು: “ಹಳೆಯ ಆಯ್ಕೆ ರದ್ದಾಯಿತು. ಇಂದು ಎಲ್ಲರೂ ಆಡಿರಿ. ನನ್ನ ಮಗನ ಆಟವನ್ನು ನಾನಲ್ಲ, ದಡದಲ್ಲಿ ಬಿಸಿಲು ಕಾಯಿಸುತ್ತಿರುವ ಆಮೆಯಜ್ಜ ನೋಡಲಿ. ಉಳಿದವರ ಆಟವನ್ನು ನಾನು ಹೊಸದಾಗಿ ನೋಡುತ್ತೇನೆ.”