ಬಿಟ್ಟುಹೋದ ಹಕಾರ

ನಮ್ಮದು ಅಕ್ಷರಕ್ಕೆ ಹೆಸರಾದ ಮನೆತನ. ಮುತ್ತಜ್ಜ ದಿವಾನರ ಕಚೇರಿಯ ಕಾಗದಪತ್ರಗಳ ಭಾಷೆ ತಿದ್ದುತ್ತಿದ್ದರು. ಅಜ್ಜ ಶಾಲಾ ಇನ್‌ಸ್ಪೆಕ್ಟರು. ನಾಲ್ಕು ತಲೆಮಾರಿನಲ್ಲಿ ನಮ್ಮ ಕಡೆಯವರು ಬರೆದ ಕಾಗದದಲ್ಲಿ ಒಂದು ಕೊಂಬು ತಪ್ಪಿತೆಂದು ಯಾರೂ ಹೇಳಿದ್ದಿಲ್ಲ.

ನಾನು ಕಾನ್ವೆಂಟಿನಲ್ಲಿ ಓದಿದವಳು. ಕಾಗುಣಿತ ತಪ್ಪಿದರೆ ಸಿಸ್ಟರು ಪುಟವನ್ನೇ ಹರಿಯುತ್ತಿದ್ದರು. ಅದಕ್ಕಾಗಿ ಅವರಿಗೆ ಇಂದಿಗೂ ಋಣಿ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಕಲಿಸುವುದನ್ನು ಕಲಿಯಲೆಂದು, ಕಪಿಲೆಯ ದಡದ ಒಂದು ಆಶ್ರಮ ಸೇರಿದೆ. ಅಲ್ಲಿ ಗುರುಗಳು ನಾಲ್ಕನೆಯ ತರಗತಿವರೆಗೆ ಶಾಲೆ ನಡೆಸುತ್ತಿದ್ದರು. ನನಗೆ ಮೂರನೆಯ ತರಗತಿ ಕೊಟ್ಟರು. ಕಾಗುಣಿತ, ಪದ, ಕಥೆ ಬರೆಯುವುದು.

ಮಕ್ಕಳೆಲ್ಲ ಹರಿಗೋಲು ಹಾಕುವವರ ಮನೆಯವರು. ಅವರ ನಾಲಿಗೆಗೆ ಹಕಾರವೇ ಇರಲಿಲ್ಲ. ಹಾಲು ಆಲಾಗುತ್ತಿತ್ತು, ಹೂವು ಊವಾಗುತ್ತಿತ್ತು.

ಬಾಯಿಯ ಮುಂದೆ ಅಂಗೈ ಹಿಡಿಯಲು ಹೇಳಿದೆ. "ಹ ಅಂದರೆ ಉಸಿರು ಕೈಗೆ ತಾಕಬೇಕು. ಹೇಳಿ, ಹ!"

"ಮಿಸ್, ಹಂಗೈಗೆಲ್ಲ ಈರುಳ್ಳಿ ವಾಸ್ನೆ!" ಎಂದಳು ಮುಂದಿನ ಸಾಲಿನ ಹುಡುಗಿ.

"ಅಂಗೈ," ಎಂದು ತಿದ್ದಿದೆ.

ಎರಡು ತಿಂಗಳಲ್ಲಿ ಹಕಾರ ಬಂತು. ಆಮೇಲೆ ಕಥೆ ಬರೆಯಲು ಹೇಳಿದೆ. ಕಥೆಗೆ ಆರಂಭ, ನಡು, ಕೊನೆ ಇರಬೇಕು ಎಂದು ಹಲಗೆಯ ಮೇಲೆ ಬರೆದೆ.

ಕೆಂಪಮಣಿ ಎಂಬ ಹುಡುಗಿ ಬರೆದದ್ದು ಮೂರೇ ವಾಕ್ಯ.

ನಾನು ಜಾರಿದೆ. ಅಕ್ಕ ಆರಿದಳು. ನಾನು ಬಂದೆ.

ಅವಳನ್ನು ಎಬ್ಬಿಸಿ ನಿಲ್ಲಿಸಿದೆ. "ಆರುವುದು ದೀಪ. ನಿಮ್ಮಕ್ಕ ಏನು ಸೀಮೆಎಣ್ಣೆ ಬುಡ್ಡಿಯೇ?"

ಯಾರೂ ನಗಲಿಲ್ಲ. ಮಂಕು ಮಕ್ಕಳು ಎಂದುಕೊಂಡೆ.

"ಆರಿದಳು ಅಂತ್ಲೇ ಬರ್ದಿದ್ದು, ಮಿಸ್," ಎಂದಳು ಅವಳು ನೆಲ ನೋಡುತ್ತ.

"ಎದುರು ಮಾತು ಬೇರೆ. 'ಅಕ್ಕ ಹಾರಿದಳು', ಇಪ್ಪತ್ತು ಸಲ ಬರಿ. ಕಥೆಗೆ ಕೊನೆಯೂ ಇಲ್ಲ, ಸೇರಿಸು."

ಅವಳು ಇಪ್ಪತ್ತು ಸಲ ಬರೆದಳು. ಕೊನೆ ಸೇರಿಸಲಿಲ್ಲ. ಮರುದಿನದಿಂದ ಶಾಲೆಗೆ ಬರಲಿಲ್ಲ.

ಐದನೆಯ ದಿನ ಗುರುಗಳು ಅವಳ ನೋಟ್‌ಬುಕ್ ಹಿಡಿದು ನನ್ನನ್ನು ಹೊಳೆಯ ಮೆಟ್ಟಿಲಿಗೆ ಕರೆದುಕೊಂಡು ಹೋದರು. ಮೋಡ ಮುಚ್ಚಿದ್ದ ಬೆಳಗು. ನೀರು ಬೂದಿಯ ಬಣ್ಣಕ್ಕಿತ್ತು.

"ಈ ಪುಟ ತಿದ್ದಿದ್ದು ನೀನೇನಮ್ಮ?"

"ಹೌದು ಗುರುಗಳೇ. ತಪ್ಪಿತ್ತು."

ಅವರು ಒಂದು ಸೀಮೆಸುಣ್ಣ ಕೊಟ್ಟರು. "ಅವಳ ಕೈಲಿ ಬರೆಸಿದ ಸಾಲನ್ನು ಈ ಕಲ್ಲಿನ ಮೇಲೆ ಇಪ್ಪತ್ತು ಸಲ ಬರಿ."

ಕೂತು ಬರೆದೆ. ನನ್ನ ಅಕ್ಷರ ಕಲ್ಲಿನ ಮೇಲೂ ಸಾಲು ತಪ್ಪಲಿಲ್ಲ. ಒಂಬತ್ತು ಸಾಲಾಯಿತು.

"ಹೋದ ವರ್ಷ ಆ ಮಗು ಜಾರಿದ್ದು ಈ ಮೆಟ್ಟಿಲಿನಿಂದ," ಎಂದರು ಆಮೇಲೆ. "ಹಿಂದೆಯೇ ಅಕ್ಕ ಹಾರಿದಳು. ಇವಳನ್ನು ಮೇಲಕ್ಕೆ ತಳ್ಳಿದಳು. ಅವಳು ಸಿಕ್ಕಿದ್ದು ಎರಡು ದಿನದ ಮೇಲೆ, ಕೆಳಗಿನ ಊರಿನ ಹತ್ತಿರ."

ನನ್ನ ಕೈ ನಿಂತಿತು.

"ಇನ್ನೂ ಹನ್ನೊಂದು ಇದೆ," ಎಂದರು ಗುರುಗಳು.

"ಆಗುವುದಿಲ್ಲ ಗುರುಗಳೇ."

"ಅವಳಿಗೆ ಆಯಿತು."

ನೋಟ್‌ಬುಕ್ಕಿನ ಹಿಂದಿನ ಪುಟ ತೆಗೆದು ನನ್ನ ಮುಂದೆ ಹಿಡಿದರು. ಮೂರು ವಾರದ ಹಿಂದಿನ ಉಕ್ತಲೇಖನ. ಹಕ್ಕಿ ಹಾರಿತು. ದೀಪ ಆರಿತು. ಎರಡಕ್ಕೂ ನಾನೇ ಹಾಕಿದ ಕೆಂಪು ಗುರುತು ಇತ್ತು. ಸರಿ, ಸರಿ.

"ಎರಡೂ ಪದ ಅವಳಿಗೆ ಗೊತ್ತಿತ್ತು," ಎಂದರು. "ಯಾವುದು ಬೇಕೋ ಅದನ್ನು ಆರಿಸಿಕೊಂಡಳು."

ಅವರು ಮತ್ತೆ ಕಥೆಯ ಪುಟಕ್ಕೆ ತಿರುಗಿಸಿದರು.

"ಕಥೆಯ ಆರಂಭ ಯಾವುದು?"

"ನಾನು ಜಾರಿದೆ."

"ನಡು?"

"ಅಕ್ಕ ಆರಿದಳು."

"ಕೊನೆ?"

"ನಾನು ಬಂದೆ," ಎಂದೆ.

"ಏನು ಸೇರಿಸಬೇಕು ಅಂದಿದ್ದೆ?"

"ಏನೂ ಬೇಡ."

ನೀರಿನಲ್ಲಿ ಒಂದು ಖಾಲಿ ಹರಿಗೋಲು ಕಟ್ಟಿದಲ್ಲೇ ಸುತ್ತುತ್ತಿತ್ತು.

"ಒಂದು ವರ್ಷ ಆ ಮಗು ಅಕ್ಕನ ಹೆಸರು ಎತ್ತಿರಲಿಲ್ಲ," ಎಂದರು ಗುರುಗಳು. "ತಾಯಿಯ ಹತ್ತಿರವೂ ಇಲ್ಲ, ನನ್ನ ಹತ್ತಿರವೂ ಇಲ್ಲ. ಮೊದಲು ಹೇಳಿದ್ದು ನಿನಗೆ."

"ನೀವು ಮೊದಲೇ ತಿಳಿಸಬಹುದಿತ್ತು."

"ತಿಳಿಸಬೇಕಿತ್ತು. ಆ ತಪ್ಪು ನನ್ನದು. ನಿನ್ನೆ ಅವರ ಮನೆಗೆ ಹೋಗಿ ಒಪ್ಪಿಕೊಂಡು ಬಂದೆ. ಈ ನೋಟ್‌ಬುಕ್ ತಾಯಿ ನನ್ನ ಕೈಗೆ ಕೊಟ್ಟಳು. 'ಓದು ಬ್ಯಾಡ ಬುದ್ಧೀ, ಕೂಸು ಮತ್ತೆ ಬಾಯೇ ಬಿಡ್ತಿಲ್ಲ' ಅಂದಳು."

"ಅವಳು ಬಂದರೆ ಹತ್ತಕ್ಕೆ ಹತ್ತು ಕೊಡುತ್ತೇನೆ."

"ಅವಳು ಬರುವುದಿಲ್ಲ."

"ಹಾಗಾದರೆ ಒಂದು ಕಾಗದ ಬರೆದು ಕಳಿಸುತ್ತೇನೆ. ಎಲ್ಲ ವಿವರವಾಗಿ."

"ಆ ಮನೆಯಲ್ಲಿ ಓದಲು ಬರುವುದು ಅವಳೊಬ್ಬಳಿಗೇ. ನಿನ್ನ ಕಾಗದವನ್ನು ತಾಯಿಗೆ ಅವಳೇ ಓದಿ ಹೇಳಬೇಕೇ?"

ನಾನು ಎದ್ದು ನಿಂತೆ. ಸೀರೆಗೆ ಸುಣ್ಣ ಮೆತ್ತಿತ್ತು.

"ಗುರುಗಳೇ, ಎಂಟು ವರ್ಷದ ಹುಡುಗಿ. ನಾನು ಅವಳ ಟೀಚರು. ನಾಳೆ ತರಗತಿಯಲ್ಲಿ ನನ್ನ ಮಾತಿಗೆ ಬೆಲೆ ಉಳಿಯುತ್ತದೆಯೇ? ಅಲ್ಲದೆ, ನಾನು ಬೇಕೆಂದು ಮಾಡಿದ್ದಲ್ಲ."

ಗುರುಗಳು ನೋಟ್‌ಬುಕ್ ಮುಚ್ಚಿ ನನ್ನ ಕೈಯಲ್ಲಿಟ್ಟರು.

"ಹೋಗು," ಎಂದರು. "ಕ್ಷಮೆ ಕೇಳು."