ಗಡಿಯಾರದವನ ಮೋಡೆಮ್

“ಅಜ್ಜಾರ, ಒಳಗಿನ ಕರೆ ಕೇಳೂತನಕ ಕಾಯಬೇಕೋ, ಬ್ಯಾಡೋ?” ಎಂದು ರಾಚಯ್ಯ ಕೇಳಿದ.

ಮಠದ ಹಿರಿಯ ಸ್ವಾಮಿಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ರಾಚಯ್ಯ ಅವರ ಕೈಯಲ್ಲಿ ಓದಿ ಬೆಳೆದ ಶಿಷ್ಯ. ನಮ್ಮ ಮಕ್ಕಳಿಗೆ ಪಾಠ ಹೇಳಲು ಬಾ ಎಂದು ಹೊಳೆಯಾಚೆಯ ಹಳ್ಳಿಯವರು ಅವನನ್ನು ಮೂರು ಸಲ ಕರೆದಿದ್ದರು. ಮೂರನೆಯ ಸಲ, ಕೋಣೆಗೆ ಸುಣ್ಣ ಬಳಿದಾಯಿತು ಎಂದೂ ಹೇಳಿ ಹೋಗಿದ್ದರು. ಇಂಥ ಕೆಲಸಕ್ಕೆ ಹೊರಡುವ ಮುನ್ನ ಹಿಂದಿನ ಹಿರಿಯರಿಗೆಲ್ಲ ಒಳಗಿನಿಂದ ಸ್ಪಷ್ಟವಾದ ದನಿಯೊಂದು ಕೇಳಿಸಿತ್ತೆಂದು ರಾಚಯ್ಯ ಓದಿದ್ದ. ತನಗೆ ಏನೂ ಕೇಳಿಸಿರಲಿಲ್ಲ. ಹೀಗೆ ಕಾಯುತ್ತಲೇ ಒಂದು ವರ್ಷ ಕಳೆದಿತ್ತು. ಅದು ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಅಜ್ಜಾರು ಗೋಡೆಯ ಗಡಿಯಾರದ ಕಡೆ ನೋಡಿದರು. “ಇದನ್ನ ರಿಪೇರಿ ಮಾಡಿದಾವ ತನ್ನ ಕತಿ ನನಗ ಹಾಳಿ ಮ್ಯಾಲೆ ಬರದು ಹೇಳ್ಯಾನ. ಕೇಳು,” ಎಂದು ಶುರುಮಾಡಿದರು.

ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನಿಗೆ ಹುಟ್ಟಿನಿಂದ ಕಿವಿ ಕೇಳದು. ಅವನ ತಂಗಿಗೂ ಕೇಳದು. ತಂಗಿಯನ್ನು ದೂರದ ಊರಿಗೆ ಕೊಟ್ಟಿತ್ತು. ಬಸುರಿಯಾದ ಅವಳಿಗೆ ಒಂಬತ್ತು ತಿಂಗಳಲ್ಲಿ ಬಿದ್ದಿತ್ತು. ತವರಿನಲ್ಲಿ ತಾಯಿಯಿಲ್ಲದ್ದರಿಂದ ಬಾಣಂತನಕ್ಕೆ ಬರುವಂತಿರಲಿಲ್ಲ. ಕಾಗದ ಮುಟ್ಟಲು ಎಂಟು ದಿನ ಹಿಡಿಯುತ್ತಿತ್ತು. ತಂಗಿಯ ಗಂಡ ಇವನ ಪಕ್ಕದ ಹೂವಿನಂಗಡಿಗೆ ಫೋನು ಮಾಡಿದರೆ, ಅಂಗಡಿಯ ಹೆಂಗಸು ಕೇಳಿಸಿಕೊಂಡು ಎರಡು ಮಾತು ಬರೆದು ತೋರಿಸುತ್ತಿದ್ದಳು. ಪಾಪ, ಅವಳಿಗೆ ಗಿರಾಕಿಗಳನ್ನೂ ನೋಡಿಕೊಳ್ಳಬೇಕಲ್ಲ. ತಂಗಿ ಹೇಳಿದ್ದನ್ನು ತಂಗಿಯ ಮಾತಿನಲ್ಲೇ ತಿಳಿಯಬೇಕೆಂದು ಅವನಿಗೆ ಬಹಳ ಆಸೆ.

ತಂಗಿಯ ಓಣಿಯಲ್ಲಿ ಇಂಟರ್ನೆಟ್ ಅಂಗಡಿಯಿತ್ತು. ಅಲ್ಲಿ ಅವಳು ಅಣ್ಣನ ಹೆಸರಿಗೆ ಈಮೇಲ್ ವಿಳಾಸ ಮಾಡಿಸಿ, ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಕಳಿಸಿದಳು.

ಅಣ್ಣನ ಬಳಿ ಹಳೆಯದೊಂದು ಕಂಪ್ಯೂಟರ್ ಇತ್ತು. ಅದರಲ್ಲಿ ಲಿನಕ್ಸ್ ಹಾಕಿಕೊಂಡಿದ್ದ. ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ ವ್ಯವಸ್ಥೆ ಅದು. ಹಿಂದಿನ ಮುಚ್ಚಳ ತೆಗೆಯಗೊಡದ ಗಡಿಯಾರವನ್ನು ಅವನು ಎಂದೂ ನಂಬಿದವನಲ್ಲ. ಫೋನಿನ ತಂತಿಯ ಮೂಲಕ ಕಂಪ್ಯೂಟರನ್ನು ಇಂಟರ್ನೆಟ್ಟಿಗೆ ಮುಟ್ಟಿಸುವ ಮೋಡೆಮ್ ಕಾರ್ಡೊಂದನ್ನು ಗುಜರಿಯಲ್ಲಿ ಕೊಂಡ. ಫೋನೂ ಹಾಕಿಸಿದ. ಕಿವುಡನಿಗೆ ಫೋನು ಯಾಕೆ ಎಂದು ಓಣಿಯವರು ನಕ್ಕರು.

ಈ ಕಾರ್ಡು ಲಿನಕ್ಸಿಗೆ ಒಗ್ಗುವುದಿಲ್ಲ ಎಂದು ಬಲ್ಲವರೆಲ್ಲ ಹೇಳಿದರು. ಅವನು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡ. ಡಬ್ಬಿಯ ಮೇಲಿನ ಹೆಸರನ್ನು ಬಿಟ್ಟು, ಒಳಗಿನ ಕಾರ್ಡಿನ ಚಿಪ್ ಮೇಲಿದ್ದ ನಂಬರು ಓದಿಕೊಂಡ. ಆ ನಂಬರಿನ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶವನ್ನು ಕಾಲೇಜಿನ ಮೇಷ್ಟರೊಬ್ಬರು ಹುಡುಕಿ ಫ್ಲಾಪಿಯಲ್ಲಿ ತಂದುಕೊಟ್ಟರು. ನಾಲ್ಕು ದಿನ ಒದ್ದಾಡಿದ ಮೇಲೆ ಕಾರ್ಡಿಗೆ ಜೀವ ಬಂತು. ಡಯಲ್ ಮಾಡೆಂದರೆ ಮಾತ್ರ ಪರದೆಯ ಮೇಲೆ ಒಂದೇ ಸಾಲು: ಡಯಲ್ ಟೋನ್ ಇಲ್ಲ.

ಡಯಲ್ ಟೋನ್ ಎಂದರೆ ರಿಸೀವರ್ ಎತ್ತಿದ ಕೂಡಲೆ ಬರುವ ಗುಂಯ್ ಸದ್ದು. ಅದು ಕೇಳದೆ ಮೋಡೆಮ್ ಮುಂದಕ್ಕೆ ಹೆಜ್ಜೆಯಿಡದು. ಅವನು ಹೂವಿನವಳನ್ನು ಕರೆದು ರಿಸೀವರ್ ಕೈಗಿತ್ತ.

“ಅಯ್ಯ, ಛಲೋತ್ನಂಗ ಗುಂಯ್ ಅನ್ನಾಕತ್ತೈತಿ!” ಎಂದಳು, ಅದನ್ನೇ ಬರೆದೂ ತೋರಿಸಿದಳು. ಲೈನ್‌ಮನ್ ಬಂದು ಕೇಳಿ, ಲೈನು ಸರಿಯಿದೆ ಎಂದು ಹೋದ. ಮನುಷ್ಯರು ಇದೆ ಎಂದರು. ಯಂತ್ರ ಇಲ್ಲ ಎಂದಿತು. ಅವನು ಯಂತ್ರವನ್ನು ನಂಬಿದ. ತಂತಿ ಬದಲಿಸಿದ, ಕಾರ್ಡು ಒರೆಸಿದ, ಎಲ್ಲವನ್ನೂ ಬಿಚ್ಚಿ ಮತ್ತೆ ಜೋಡಿಸಿದ. ತಿಂಗಳಾಯಿತು. ಅಷ್ಟರಲ್ಲಿ ಹೂವಿನವಳು ಚೀಟಿ ತಂದಳು: ಹೆಣ್ಣು ಕೂಸು, ಎಲ್ಲಾ ಆರಾಮ. ಅವನಿಗೆ ಸಂತೋಷಕ್ಕೆ ಕಣ್ಣು ತುಂಬಿತು. ಕೇಳಲು ನೂರು ಮಾತಿತ್ತು, ಯಾರನ್ನು ಕೇಳುವುದು?

ಕಡೆಗೆ ಲಿನಕ್ಸಿನ ಜೊತೆ ಬಂದ ವಿವರಣೆಯನ್ನು ಮೊದಲಿನಿಂದ ಓದುತ್ತ ಕೂತ. ಯಾರೋ ಪುಣ್ಯಾತ್ಮ ಬರೆದಿಟ್ಟಿದ್ದ. ಒಂದೊಂದು ದೇಶದ ಟೋನ್ ಒಂದೊಂದು ಥರ. ಬೇರೆ ದೇಶದ್ದನ್ನು ಕಲಿತು ಬಂದ ಮೋಡೆಮ್‌ಗೆ ನಿಮ್ಮೂರಿನ ಟೋನ್ ಕೇಳಿದರೂ ಗುರುತು ಹತ್ತುವುದಿಲ್ಲ. ಕಾಯಬೇಡ, ಡಯಲ್ ಮಾಡು ಎಂದು ಅದಕ್ಕೆ ಹೇಳಿ. ಹಾಗೆ ಹೇಳಲು ಒಂದು ಅಕ್ಷರ, ಒಂದು ಅಂಕಿ ಸಾಕು.

ಅವನು ಹೂವಿನವಳಿಗೆ ಮೊದಲು ಚೀಟಿ ಬರೆದ: ಅಕ್ಕಾ, ನೀ ಹೇಳಿದ್ದು ಖರೆ ಇತ್ತು, ನಾನ ನಂಬಲಿಲ್ಲ. ಆಮೇಲೆ ಆ ಅಕ್ಷರ, ಆ ಅಂಕಿ ಒತ್ತಿದ. ಮೋಡೆಮ್ ಡಯಲ್ ಮಾಡಿತು, ಸಂಪರ್ಕ ಸಿಕ್ಕಿತು.

ಈಮೇಲಿನೊಳಗೆ ತಂಗಿಯ ಹನ್ನೊಂದು ಪತ್ರ ಕಾದು ಕೂತಿದ್ದವು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಕೊನೆಯದು ಅಂದು ಬೆಳಗಿನದು: “ಅಣ್ಣಾ, ನಾಳೆ ಕೂಸಿನ್ನ ತೊಟ್ಟಲದಾಗ ಹಾಕತೀವಿ. ಹೆಸರು ನೀನ ಆರಿಸಬೇಕು. ಕಾಯಾಕತ್ತೀನಿ.” ಅವನು ಕೂತಲ್ಲೇ ಹೆಸರು ಬರೆದು ಕಳಿಸಿದ. ಮರುದಿನ ಕೂಸಿಗೆ ಅದೇ ಹೆಸರಾಯಿತು.

ಇಲ್ಲಿಗೆ ಅಜ್ಜಾರು ಕತೆ ಮುಗಿಸಿದರು. ರಾಚಯ್ಯ ಮನಸಾರೆ ನಕ್ಕ.

“ಎಂಥಾ ಹುಚ್ಚ ಮೋಡೆಮ್ ಅಜ್ಜಾರ! ಟೋನ್ ಕಿವಿಗೆ ಬಂದು ಬಡಿಯಾಕತ್ತಿದ್ರೂ ಇಲ್ಲ ಇಲ್ಲ ಅಂತಿತ್ತಲ್ಲ!”

ಅಜ್ಜಾರು ಅವನ ಮುಖವನ್ನೇ ನೋಡಿದರು.

“ಹಂಗಾದ್ರ, ಆ ಹಳ್ಳಿ ಮಂದಿ ಮೂರು ಸಲ ಬಾಗಲಕ ಬಂದು ಅಂದದ್ದು ನಿನಗ ಏನಂತ ಕೇಳಿಸ್ತು, ರಾಚಯ್ಯ?”