ಬಳೆಯಿಲ್ಲದ ಕೋವಿ

ಕಾವೇರಿಯ ದಡದಲ್ಲಿ ಪೂವಯ್ಯ ಎಂಬ ಗುರು ಇದ್ದರು. ಹಳೆಯ ಕೋವಿಗಳನ್ನು ಗುರುತಿಸುವುದು ಅವರ ವಿದ್ಯೆ. ಹಳೆಯ ಕೋವಿ ಕೊಳ್ಳುವವರು ಮೊದಲು ಅದನ್ನು ಅವರಿಗೆ ತೋರಿಸುತ್ತಿದ್ದರು.

ಅವರಿಗೆ ಒಬ್ಬನೇ ಶಿಷ್ಯ, ಮಂದಣ್ಣ.

ಮಂದಣ್ಣ ಆಗ ಲಿವರ್ ಕೋವಿಗಳನ್ನು ಕಲಿಯುತ್ತಿದ್ದ. ಟ್ರಿಗರಿನ ಸುತ್ತಲಿನ ಲಿವರನ್ನು ಕೆಳಗೆ ತಳ್ಳಿ ಮೇಲಕ್ಕೆ ಎಳೆದರೆ ಹೊಸ ತೋಟಾ ತಾನಾಗಿ ಒಳಗೆ ಕೂರುವ, ಮುತ್ತಜ್ಜಂದಿರ ಕಾಲದ ಕೋವಿಗಳು ಅವು. ನೋಡಲು ಒಂದೇ ಥರ. ಆದರೆ ಕೆಲವಕ್ಕೆ ನಳಿಗೆ ದುಂಡಗೆ, ಕೆಲವಕ್ಕೆ ಎಂಟು ಮುಖ. ಕೆಲವು ಉದ್ದ, ಕೆಲವು ಗಿಡ್ಡ. ಗಿಡ್ಡ ಕೋವಿಗಳಲ್ಲಿ ಕೆಲವಕ್ಕೆ ಎಡಗಡೆ ಒಂದು ಕಬ್ಬಿಣದ ಬಳೆ ಇರುತ್ತದೆ. ಕುದುರೆ ಸವಾರರು ಕೋವಿಯನ್ನು ಜೀನಿಗೆ ತೂಗುಹಾಕಲು ಮಾಡಿದ ಬಳೆ.

ಒಂದು ದಿನ ಶಿಷ್ಯ ಕೇಳಿದ, "ಗುರುಗಳೇ, ಲಿವರ್ ಕೋವಿಯಲ್ಲಿ ಒಟ್ಟು ಎಷ್ಟು ಬಗೆ?"

"ನಿನಗೆ ಎಷ್ಟು ಗೊತ್ತು?"

"ಏಳು."

"ಎಂಟನೆಯದು ಬಂದಾಗ ನನ್ನನ್ನು ಕರೆ."

ಕೈಲ್ ಮುಹೂರ್ತ ಹತ್ತಿರ ಬಂತು. ಆಯುಧಗಳಿಗೆ ಪೂಜೆ ಮಾಡುವ ಹಬ್ಬ. ಮನೆಯ ಕೋವಿಗಳನ್ನೆಲ್ಲ ತೊಳೆದು, ಉಜ್ಜಿ, ನಡುಮನೆಯಲ್ಲಿ ಸಾಲಾಗಿ ಇಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ಬೆಂಕಿಯ ನಾಲಿಗೆಯಂಥ ಕಾಡುಹೂ ಅದು.

ಊರಿನ ಕೋವಿಗಳೆಲ್ಲ ಉಜ್ಜಿಸಿಕೊಳ್ಳಲು ದಡಕ್ಕೆ ಬಂದವು. ಮಂದಣ್ಣ ಉಜ್ಜಿದ. ಕೈ ನಿದ್ದೆಯಲ್ಲೂ ಉಜ್ಜುತ್ತಿತ್ತು.

ಹಬ್ಬದ ಹಿಂದಿನ ದಿನ ಚೋಂದಮ್ಮ ಬಂದಳು. ಹೊಳೆಯಾಚೆಯ ಮನೆಯವಳು. ಬೀಗದ ಕೈಗೊಂಚಲನ್ನು ಸೊಂಟದಿಂದ ತೆಗೆದು ಕಲ್ಲಿನ ಮೇಲೆ ಇಟ್ಟು, ಗೋಣಿಯಲ್ಲಿ ಸುತ್ತಿದ್ದ ಒಂದು ಗಿಡ್ಡ ಲಿವರ್ ಕೋವಿಯನ್ನು ಬಿಚ್ಚಿದಳು. ಮೈತುಂಬ ಕಪ್ಪು ಜಿಡ್ಡು.

ಗುರು ಸ್ನಾನಕ್ಕೆ ಹೋಗಿದ್ದರು. ಅವಳು ಶಿಷ್ಯನಿಗೇ ವಿಷಯ ಹೇಳಿದಳು.

ಅವಳ ಅಪ್ಪನಿಗೆ ಇಂಥದೇ ಕೋವಿ ಇತ್ತು. ಅವರು ಪರವೂರಿಗೆ ಹೋಗಿದ್ದಾಗ ಚಿಕ್ಕಪ್ಪ ಅದನ್ನು ಮಾರಿಬಿಟ್ಟ. ಆಗ ಅವಳಿನ್ನೂ ಲಂಗದ ಹುಡುಗಿ. ಅಂದಿನಿಂದ ಪ್ರತಿ ಹಬ್ಬಕ್ಕೂ ಸಾಲಿನಲ್ಲಿ ಒಂದು ಜಾಗ ಖಾಲಿ. ಅಪ್ಪ ಆ ಖಾಲಿ ಜಾಗದಲ್ಲಿ ಒಂದು ಹೂವು ಇಡುತ್ತಾರೆ. ಈಗ ಹಾಸಿಗೆ ಹಿಡಿದಿದ್ದಾರೆ. ಮುಂದಿನ ಹಬ್ಬದ ಮಾತು ಯಾರೂ ಆಡುತ್ತಿಲ್ಲ.

ಈ ಕೋವಿ ಪೇಟೆಯ ವ್ಯಾಪಾರಿಯ ಬಳಿ ಸಿಕ್ಕಿತು. ತೋರಿಸಿ ತರಲು ಕೊಟ್ಟಿದ್ದಾನೆ; ಸಂಜೆಯೊಳಗೆ ಬೇಕೆಂದು ಹೇಳದಿದ್ದರೆ ಬೇರೆಯವರಿಗೆ ಹೋಗುತ್ತದೆ.

"ಕೊಂಡುಬಿಡಿ ಅಕ್ಕ. ಇದೂ ಅಂಥದೇ ಅಲ್ಲವೇ?" ಎಂದ ಮಂದಣ್ಣ.

"ಬೇರೆ ಮನೆಯ ಕೋವಿ ತಂದಿಟ್ಟರೆ ಅಪ್ಪನಿಗೆ ಗೊತ್ತಾಗೋದಿಲ್ಲ. ಅವರ ಕಣ್ಣು ಈಗ ಅಷ್ಟಕ್ಕಷ್ಟೆ. ಆದರೆ ನನಗೆ ಗೊತ್ತಾಗುತ್ತೆ," ಎಂದಳು ಚೋಂದಮ್ಮ.

ಮಂದಣ್ಣ ಕೆಲಸಕ್ಕೆ ಕುಳಿತ. ಮೊದಲು ಲಿವರ್ ತೆರೆದು, ಒಳಗೆ ತೋಟಾ ಇಲ್ಲವೆಂದು ಬೆರಳಿಟ್ಟು ನೋಡಿದ. ಆಮೇಲೆ ನಳಿಗೆ: ದುಂಡು, ಗಿಡ್ಡ. ನಿಮ್ಮ ಕೋವಿಗೆ ಬಳೆ ಇತ್ತೇ ಎಂದು ಕೇಳಿದ. ಇತ್ತು ಎಂದಳು. ಇದಕ್ಕೆ ಬಳೆ ಇರಲಿಲ್ಲ. ಆದರೆ ಬಳೆ ಕೂರುವ ತೂತು ಇತ್ತು, ಅದನ್ನು ಯಾರೋ ಒಂದು ತಿರುಪಿನಿಂದ ಮುಚ್ಚಿದ್ದರು.

ಬಗೆ ತಿಳಿಯಿತು. ಬಳೆಯ ಗಿಡ್ಡ ಕೋವಿ, ಏಳರಲ್ಲಿ ನಾಲ್ಕನೆಯದು. ಆ ಬಗೆಯ ಕೋವಿಗಳು ಲೋಕದಲ್ಲಿ ಸಾವಿರಾರು ಇವೆ.

ತಿರುಪಿನ ಕೆಳಗೆ, ಉಕ್ಕಿನ ಮೇಲೆ, ಅರ್ಧಚಂದ್ರದಂಥ ಒಂದು ಗೀರು ಕಂಡಿತು. ಬಳೆ ತೂಗಾಡಿದರೆ ಅಂಥ ಗೀರು ಬೀಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಅಳೆದು ನೋಡಿದ. ಈ ಬಗೆಯ ಬಳೆ ಅಷ್ಟು ದೂರ ಮುಟ್ಟುವುದಿಲ್ಲ. ಗೀರು ಬೆರಳಗಲ ಕೆಳಗಿತ್ತು.

ಹಾಗಾದರೆ ಇದು ಬಳೆಯ ಗೀರಲ್ಲ, ಬರೀ ಗೀರು ಎಂದುಕೊಂಡ.

ಜಿಡ್ಡಿನಡಿ ಮನೆತನದ ಹೆಸರೇನಾದರೂ ಇರಬಹುದು ಎನಿಸಿತು. ಕೈ ತಾನೇ ಸಣ್ಣ ಉಪ್ಪುಕಾಗದ ಎತ್ತಿಕೊಂಡಿತು. ಉಜ್ಜಿದ. ಎಣ್ಣೆ ಹಚ್ಚಿದ. ಕೋವಿ ಹೊಳೆಯಿತು. ಹೆಸರು ಇರಲಿಲ್ಲ. ಗೀರೂ ಇರಲಿಲ್ಲ.

"ಬಗೆ ಅದೇ ಅಕ್ಕ. ನಿಮ್ಮದೇ ಎಂದು ಹೇಳಲಾರೆ," ಎಂದ.

ಚೋಂದಮ್ಮ ಗೋಣಿಯನ್ನು ಹಾಸಿ ಕೋವಿಯನ್ನು ಅದರ ಮೇಲೆ ಮಲಗಿಸಿದಳು. ಮಡಿಸಲು ಕೈ ಬರಲಿಲ್ಲ.

ಗುರು ಒದ್ದೆ ಟವೆಲು ಹೊದ್ದು ಮೆಟ್ಟಿಲು ಹತ್ತಿ ಬಂದರು. ಹೊಳೆಯುವ ಕೋವಿಯನ್ನು ನೋಡಿದರು. ಶಿಷ್ಯನ ಬೆರಳುಗಳನ್ನು ನೋಡಿದರು.

"ಇಲ್ಲಿ ಏನಿತ್ತು?"

ಏನೂ ಇರಲಿಲ್ಲ ಎನ್ನಬಹುದಿತ್ತು. ಗೀರನ್ನು ಕಂಡವನು ಅವನೊಬ್ಬನೇ.

"ಒಂದು ಅರ್ಧಚಂದ್ರ ಇತ್ತು ಗುರುಗಳೇ," ಎಂದ ಮಂದಣ್ಣ. "ಲೆಕ್ಕಕ್ಕಿಂತ ದೊಡ್ಡದಿತ್ತು. ಅದಕ್ಕೇ ಬೇಡದ್ದು ಅಂದುಕೊಂಡೆ. ಉಜ್ಜಿಬಿಟ್ಟೆ."

ಚೋಂದಮ್ಮ ತಲೆಯೆತ್ತಿದಳು.

ಗುರು ಬೈಯಲಿಲ್ಲ. ಅವಳ ಕಡೆ ತಿರುಗಿ, "ನಿಮ್ಮ ಕೋವಿಯ ಬಳೆ ಏನಾಯಿತಮ್ಮ?" ಎಂದು ಕೇಳಿದರು.

ಅವಳ ಮುಖದಲ್ಲಿ ಸಣ್ಣ ನಗು ಬಂತು. ಅದೊಂದು ದೊಡ್ಡ ಕತೆ ಪೂವಯ್ಯಣ್ಣ ಎಂದು ಹೇಳಿದಳು. ಕೋವಿಯ ಜೊತೆ ಬಂದ ಬಳೆ ಎಲ್ಲೋ ಕಾಡಿನಲ್ಲಿ ಮುರಿದು ಬಿತ್ತು. ಅಪ್ಪ ಊರ ಕಮ್ಮಾರನಿಂದ ಹೊಸದು ಮಾಡಿಸಿದರು. ಕಮ್ಮಾರ ಕೈ ಧಾರಾಳದವನು, ಬಳೆ ದೊಡ್ಡದಾಯಿತು. ನಡೆದರೆ ಎತ್ತಿನ ಗಂಟೆಯ ಹಾಗೆ ಸದ್ದು. ನಿನ್ನ ಗಂಡ ಬೇಟೆಗೆ ಹೊರಟರೆ ಹಂದಿಗಳೇ ಮುಂಚೆ ಬಂದು ನಮಗೆ ಸುದ್ದಿ ಹೇಳುತ್ತವೆ ಎಂದು ಊರವರು ಅವ್ವನನ್ನು ರೇಗಿಸುತ್ತಿದ್ದರು. ಹಲವು ವರ್ಷ ಹಠದಿಂದ ಹೊತ್ತು, ಕೊನೆಗೆ ಅಪ್ಪ ಸೋತು ಬಳೆಯನ್ನು ಬಿಚ್ಚಿಹಾಕಿದರು.

"ಎಲ್ಲಿ ಹಾಕಿದರು?"

ಚೋಂದಮ್ಮ ಕಲ್ಲಿನ ಮೇಲಿದ್ದ ಕೈಗೊಂಚಲನ್ನು ನೋಡಿದಳು.

ಬೀಗದ ಕೈಗಳನ್ನು ಪೋಣಿಸಿದ್ದು ಒಂದು ಕಬ್ಬಿಣದ ಬಳೆಗೆ. ಸರಿಯಾಗಿ ದುಂಡಗಿಲ್ಲ. ಎರಡು ತುದಿ ಕೂಡಿಸಿದ ಕಡೆ ಒಂದು ಗಂಟು.

"ಇಷ್ಟು ಹೊತ್ತು ಇಲ್ಲೇ ಇತ್ತಲ್ಲ ಅಕ್ಕ," ಎಂದ ಮಂದಣ್ಣ.

"ಇತ್ತೇ ಅಂತ ನೀನು ಕೇಳಿದೆ, ಇತ್ತು ಅಂತ ನಾನಂದೆ. ಎಲ್ಲಿದೆ ಅಂತ ನೀನು ಕೇಳಲಿಲ್ಲವಲ್ಲ ತಮ್ಮ."

ಗುರು ಬೀಗದ ಕೈಗಳನ್ನು ಒಂದೊಂದಾಗಿ ಕಳಚಿ ಅವಳ ಮಡಿಲಿಗೆ ಹಾಕಿದರು. ಬಳೆಯ ಗಂಟು ಕೆಳಗೆ ಬರುವಂತೆ, ಮೇಲಂಚನ್ನು ಉಗುರಿನಿಂದ ತಿರುಪಿನ ಮೇಲೆ ಒತ್ತಿ ಹಿಡಿದು ತೂಗಿಸಿದರು. ಕೆಳಗಿನ ಅಂಚು ಹೊಳೆಯುವ ಉಕ್ಕಿನ ಮೇಲೆ ಅತ್ತಿಂದಿತ್ತ ಹೋಗಿ ಬಂತು.

ಅಲ್ಲಿ ಏನೂ ಇರಲಿಲ್ಲ. ಬರೀ ಹೊಳಪು.

"ನಾನು ಕಂಡಿದ್ದು ಅಲ್ಲೇ. ಅಷ್ಟೇ ದೂರದಲ್ಲಿ," ಎಂದ ಮಂದಣ್ಣ.

"ನೀನು ಕಂಡೆ, ಅವಳು ಕಾಣಲಿಲ್ಲ. ನಾಳೆ ಹೂವು ಸಿಕ್ಕಿಸುವವಳು ಅವಳು," ಎಂದರು ಗುರು.

ಮಂದಣ್ಣ ತಲೆ ತಗ್ಗಿಸಿದ. ಬಿಸಿಲು ಹೊಳೆಯ ಆಚೆ ದಡಕ್ಕೆ ಸರಿದಿತ್ತು.

ಗುರು ಒಣಬಟ್ಟೆ ತೆಗೆದುಕೊಂಡು ಎಣ್ಣೆಯನ್ನು ನಿಧಾನವಾಗಿ ಒರೆಸಿದರು. ಒಂದಿಷ್ಟೂ ಉಳಿಯದ ಹಾಗೆ ಒರೆಸಿದರು. ಕೋವಿಯನ್ನು ಮುಖದ ಹತ್ತಿರ ತಂದು, ಬಾಯಿ ತೆರೆದು, ಉಕ್ಕಿನ ಮೇಲೆ ಹಾ ಎಂದು ಬಿಸಿಯುಸಿರು ಬಿಟ್ಟರು.

ಉಕ್ಕು ಮಂಜಾಯಿತು.

ಮಂಜಿನ ನಡುವೆ, ಬಳೆ ವರ್ಷಗಟ್ಟಲೆ ಅದುಮಿದ ಕಡೆ ಉಸಿರು ಬೇರೆ ಥರ ಕೂತು, ಒಂದು ಅರ್ಧಚಂದ್ರ ಕಾಣಿಸಿತು. ತೆಳ್ಳಗೆ ಶುರುವಾಗಿ, ತಳದಲ್ಲಿ ದಪ್ಪವಾಗಿ, ಮತ್ತೆ ತೆಳ್ಳಗೆ ಮೇಲೇರಿತ್ತು. ತಳದ ದಪ್ಪ ಕಮ್ಮಾರನ ಗಂಟು ಉಜ್ಜಿದ ಜಾಗ.

ಮಂಜು ಆರಿತು. ಅರ್ಧಚಂದ್ರ ಹೋಯಿತು.

ಗುರು ಕೋವಿಯನ್ನು ಶಿಷ್ಯನ ಕೈಗೆ ಕೊಟ್ಟರು. ಮಂದಣ್ಣ ತಾನೂ ಉಸಿರು ಬಿಟ್ಟ. ಮತ್ತೆ ಬಂತು. ಈ ಸಲ ಗುರು ಬಳೆಯನ್ನು ಹಿಡಿದು ತೂಗಿಸಿದರು. ಬಳೆಯ ಅಂಚು ಗೀರಿನ ಮೇಲೇ ನಡೆಯಿತು, ಎತ್ತು ತನ್ನ ಕೊಟ್ಟಿಗೆಯ ದಾರಿ ಹಿಡಿದ ಹಾಗೆ.

ಚೋಂದಮ್ಮ ಕಲ್ಲಿನ ಮೇಲೆ ಕುಳಿತುಬಿಟ್ಟಳು. ಮಡಿಲಿನ ಬೀಗದ ಕೈಗಳು ನೆಲಕ್ಕೆ ಸುರಿದವು. ಅವಳು ನಗುತ್ತಿದ್ದಳು, ಸೆರಗಿನಿಂದ ಕಣ್ಣೂ ಒರೆಸಿಕೊಳ್ಳುತ್ತಿದ್ದಳು. ನಾನೂ ಒಮ್ಮೆ ಊದಲೇ ಎಂದು ಕೇಳಿದಳು. ಊದಿದಳು. ಬಹಳ ಹೊತ್ತು ನೋಡಿದಳು.

ಗುರು ತಿರುಪನ್ನು ಬಿಚ್ಚಿದರು. ತಮ್ಮ ಪೆಟ್ಟಿಗೆಯಿಂದ ಒಂದು ಹಳೆಯ ಕೊಂಡಿಯನ್ನು ಹುಡುಕಿ ಬಳೆಯನ್ನು ಅದರ ಜಾಗದಲ್ಲೇ ಕೂರಿಸಿದರು. ಚೋಂದಮ್ಮ ಬೀಗದ ಕೈಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಕತ್ತಲಾಗುವ ಮೊದಲೇ ವ್ಯಾಪಾರಿಯನ್ನು ಹಿಡಿಯಬೇಕೆಂದು ಹೊರಟಳು.

ದಡದ ಏರಿ ದಾಟಿದ ಮೇಲೆ ಅವಳು ಕಾಣಲಿಲ್ಲ. ಬಳೆಯ ಸದ್ದು ಮಾತ್ರ ಕೇಳುತ್ತಿತ್ತು. ಹಂದಿಗಳಿಗೂ ಕೇಳಿರಬೇಕು.

ಮಂದಣ್ಣ ಒಂದು ದೀರ್ಘ ಉಸಿರು ಬಿಟ್ಟ. ಆ ದಿನ ಮಧ್ಯಾಹ್ನದಿಂದ ಅದು ಎದೆಯಲ್ಲೇ ಇತ್ತು. ಉಪ್ಪುಕಾಗದವನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಸೇರಿಸಿದ. ಹೊಳೆಗೆ ಇಳಿದು ಕೈ ತೊಳೆದು ಬಂದು ಗುರುವಿನ ಪಕ್ಕ ಕುಳಿತ.

"ಗುರುಗಳೇ, ಕಮ್ಮಾರನ ಬಳೆಯ ಕೋವಿ ನಾನು ಕಲಿತ ಏಳರಲ್ಲಿ ಇಲ್ಲ. ಎಂಟನೆಯದು ಇದೇ ಏನು?"

"ಅಲ್ಲ," ಎಂದರು ಗುರು. "ನೀನು ನಿಜವಾಗಿ ನೋಡಿದ್ದರಲ್ಲಿ ಇದು ಮೊದಲನೆಯದು."